ಬೆಳಿಗ್ಗೆ ಸ್ಟಾರ್ಟೇ ಆಗ್ತಿರ್ಲಿಲ್ಲ ನಮ್ ಡೀಸೆಲ್ ವ್ಯಾನು, ಕೊನೆಗೆ ಗೊತ್ತಾಯ್ತು

ಸಕಲೇಶಪುರದಿಂದ ಹಾಸನ ಮಾರ್ಕೆಟ್‌ಗೆ ತರಕಾರಿ ಹೊಡೆಯೋ ಹಳೇ ವ್ಯಾನು ನಮ್ದು, ಬೆಳಗಿನ ಜಾವ 4ಕ್ಕೆ ಹೊರಡ್ಲೇಬೇಕು. ಹದಿನೈದು ದಿನದಿಂದ ಸೆಲ್ಫ್ ಚೆನ್ನಾಗೇ ತಿರುಗ್ತಿತ್ತು ಆದ್ರೆ ಇಂಜಿನ್ ಹಿಡೀತಿರ್ಲಿಲ್ಲ, ಒಂದ್ಸಲ ಸ್ಟಾರ್ಟ್ ಆದ್ರೆ ಇಡೀ ದಿನ ಏನೂ ತೊಂದ್ರೆ ಇಲ್ಲ. ಎಲ್ರೂ ಬ್ಯಾಟರಿ ಬದ್ಲಾಯ್ಸು ಅಂದ್ರು. ಮೀಟರ್ ಇಟ್ಟು ನೋಡ್ದೆ, ಸುಮ್ನಿದ್ದಾಗ 12.6 ವೋಲ್ಟ್, ಸೆಲ್ಫ್ ಹೊಡೆಯುವಾಗ್ಲೂ 10ರ ಮೇಲೇ ಇತ್ತು, ಹಂಗಾಗಿ ಅದಲ್ಲ.

ಆಮೇಲೆ ತಮ್ಮನ್ನ ಸೆಲ್ಫ್ ಹೊಡೆಯೋಕೆ ಕೂರ್ಸಿ ನಾನು ಸೈಲೆನ್ಸರ್ ಹತ್ರ ಟಾರ್ಚ್ ಹಿಡ್ಕೊಂಡು ನಿಂತೆ. ಇದನ್ನ ಎಲ್ರೂ ಮೊದ್ಲೇ ಮಾಡ್ಬೇಕು. ಬಿಳಿ ಹೊಗೆ ಬಂದ್ರೆ ಡೀಸೆಲ್ ಹೋಗ್ತಿದೆ ಆದ್ರೆ ಉರೀತಿಲ್ಲ, ಆಗ ಹೀಟರ್ ಪ್ಲಗ್ (ತಣ್ಣಗಿರೋ ಇಂಜಿನ್ ಒಳಗೆ ಬಿಸಿ ಮಾಡೋ ಪ್ಲಗ್) ನೋಡ್ಬೇಕು. ನಮ್ದ್ರಲ್ಲಿ ಹೊಗೇನೇ ಇಲ್ಲ, ಅಂದ್ರೆ ಡೀಸೆಲ್ಲೇ ತಲುಪ್ತಿಲ್ಲ. ಡೀಸೆಲ್ ಫಿಲ್ಟರ್ ಮೇಲೆ ಕೈಯಲ್ಲಿ ಒತ್ತಿ ಡೀಸೆಲ್ ಎಳೆಯೋ ಹ್ಯಾಂಡ್ ಪಂಪ್ ಇರುತ್ತೆ, ಅದನ್ನ ಒತ್ತಿದ್ರೆ ಮೆತ್ತಗಿತ್ತು, ಇಪ್ಪತ್ತು ಸಲ ಒತ್ತಿದ್ಮೇಲೆ ಗಟ್ಟಿಯಾಯ್ತು, ಕೀ ತಿರುಗ್ಸಿದ ತಕ್ಷಣ ಸ್ಟಾರ್ಟು!

ಡೀಸೆಲ್ ಪೈಪಿನೊಳಗೆ ಎಲ್ಲಿಂದ್ಲೋ ಏರ್ (ಗಾಳಿ) ಎಳೀತಿದೆ ಅಂತ ಖಾತ್ರಿ ಆಯ್ತು, ರಾತ್ರಿ ನಿಂತಾಗ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳೀತಿತ್ತು. ಫಿಲ್ಟರ್ ಆದ್ಮೇಲೆ ಒಂದು ಗೇಣು ಟ್ರಾನ್ಸ್‌ಪರೆಂಟ್ ಪೈಪ್ ಹಾಕಿ ನೋಡಿದ್ರೆ ಸಾಸಿವೆ ಕಾಳಿನ ಥರ ಗುಳ್ಳೆ ಸಾಲಾಗಿ ಬರ್ತಿತ್ತು. ಟ್ಯಾಂಕಿಂದ ಡೀಸೆಲ್ ಎಳೆಯೋ ಕಡೆ ಲೀಕ್ ಇದ್ರೆ ಹೊರಗೆ ಹನಿ ಕಾಣ್ಬೇಕು ಅಂತೇನಿಲ್ಲ, ಅದಕ್ಕೇ ಇಷ್ಟು ದಿನ ಸಿಗ್ಲಿಲ್ಲ. ಟ್ಯಾಂಕಿಂದ ಬರೋ ರಬ್ಬರ್ ಪೈಪ್ ಕ್ಲಿಪ್ ಕೆಳಗೆ ಕೂದಲೆಳೆಯಷ್ಟು ಬಿರುಕು. ಹೊಸ ಡೀಸೆಲ್ ಪೈಪು, ಎರಡು ಕ್ಲಿಪ್ಪು, ತಾಮ್ರದ ವಾಷರ್ ಹಾಕ್ದೆ. ಈಗ ಎರಡು ತಿಂಗ್ಳಾಯ್ತು, ಚಳೀಲೂ ಒಂದೇ ಸೆಲ್ಫಿಗೆ ಏಳ್ತಿದೆ.