ಕತ್ತನ್ನು ನಾನು ಕಲಿತದ್ದು ಬೆರಳ ತುದಿಯಲ್ಲಿ

ನಾನು ಅರಿವಳಿಕೆ ವೈದ್ಯೆ. ಆಪರೇಷನ್ ಹೊಟ್ಟೆಗಿರಲಿ, ಮೊಣಕಾಲಿಗಿರಲಿ, ನನ್ನ ಗಮನವೆಲ್ಲ ಗದ್ದದಿಂದ ಕಾಲರ್ ಬೋನ್‌ವರೆಗಿನ ಒಂದು ಗೇಣು ಜಾಗದ ಮೇಲೆ. ಉಸಿರಿನ ದಾರಿ ಅಲ್ಲಿದೆ, ಅನ್ನದ ದಾರಿ ಅದರ ಬೆನ್ನಿಗೇ ಅಂಟಿಕೊಂಡಿದೆ, ಮೆದುಳಿಗೆ ಹೋಗುವ ರಕ್ತ, ಅಲ್ಲಿಂದ ವಾಪಸ್ ಬರುವ ರಕ್ತ, ಕೈಗೆ ಹೋಗುವ ನರಗಳು, ಮಾತು, ಹಾಡು ಎಲ್ಲಾ ಅಲ್ಲೇ. ಎಂಬಿಬಿಎಸ್ ಮೊದಲ ವರ್ಷದಲ್ಲಿ ಹುಡುಗರು ಹೆದರುವ ಭಾಗವೂ ಇದೇ. ಪುಸ್ತಕದಲ್ಲಿ ಕತ್ತನ್ನು ತ್ರಿಕೋನಗಳಾಗಿ ಹಂಚಿರುತ್ತಾರೆ, ಪ್ರತಿಯೊಂದರ ಗಡಿ ಯಾವುದು, ಒಳಗೇನಿದೆ ಅಂತ ಬಾಯಿಪಾಠ ಮಾಡಬೇಕು. ಡಿಸೆಕ್ಷನ್ ಹಾಲ್‌ನಲ್ಲಿ ಫಾರ್ಮಲಿನ್ ಹಾಕಿದ ದೇಹದಲ್ಲಿ ರಕ್ತನಾಳ, ನರ ಎಲ್ಲವೂ ಹೆಚ್ಚುಕಮ್ಮಿ ಒಂದೇ ಬಣ್ಣ. ನನಗೆ ಕತ್ತು ನಿಜಕ್ಕೂ ಅರ್ಥವಾಗತೊಡಗಿದ್ದು ಹಾಸ್ಟೆಲ್ಲಿನ ಕನ್ನಡಿ ಮುಂದೆ ನಿಂತು ನನ್ನದೇ ಕತ್ತನ್ನು ಮುಟ್ಟಿ ನೋಡಿಕೊಂಡಾಗ. ಈಗ ಪಿಜಿ ಹುಡುಗರಿಗೆ ನಾನು ಕಲಿಸುವುದೂ ಹಾಗೇ. ಓದುತ್ತಾ ನೀವೂ ಮಾಡಿ ನೋಡಬಹುದು. ಆದರೆ ಕತ್ತಿನ ಎರಡೂ ಕಡೆಯ ನಾಡಿಯನ್ನು ಒಟ್ಟಿಗೆ ಒತ್ತಬೇಡಿ, ಒಂದು ಕಡೆ ಕೂಡ ಜೋರಾಗಿ ಉಜ್ಜಬೇಡಿ. ರಕ್ತದೊತ್ತಡ ಅಳೆಯುವ ಒಂದು ಸೂಕ್ಷ್ಮ ಜಾಗ ಅಲ್ಲಿದೆ. ಒತ್ತಿದರೆ ಕೆಲವರಿಗೆ ಎದೆಬಡಿತ ನಿಧಾನವಾಗಿ ತಲೆ ಸುತ್ತಿ ಬೀಳುವುದುಂಟು.

ಮೊದಲು ನಡುಗೆರೆ. ಗದ್ದದ ಕೆಳಗೆ ಬೆರಳಿಟ್ಟು ಹಿಂದಕ್ಕೆ ಜಾರಿಸಿ. ಗದ್ದ ಮುಗಿದು ಕತ್ತು ಶುರುವಾಗುವ ಮೂಲೆಯಲ್ಲಿ ಗಟ್ಟಿಯಾಗಿ ಸಿಗುವುದು ಹಯಾಯ್ಡ್ ಮೂಳೆ. ಹೆಬ್ಬೆರಳು, ತೋರುಬೆರಳಿನಲ್ಲಿ ಮೆಲ್ಲಗೆ ಹಿಡಿದರೆ ಆಚೀಚೆ ಅಲ್ಲಾಡುತ್ತದೆ. ಬೇರೆ ಯಾವ ಮೂಳೆಯ ಜೊತೆಗೂ ಇದಕ್ಕೆ ಕೀಲಿಲ್ಲ, ಬರೀ ಸ್ನಾಯು ಮತ್ತು ಕಟ್ಟುಗಳ ಆಸರೆಯಲ್ಲಿ ನಿಂತಿದೆ. ನಾಲಿಗೆಯ ಬುಡಕ್ಕೆ ಆಧಾರ ಇದೇ. ಇನ್ನೂ ಕೆಳಗೆ ಬಂದರೆ ಒಂದು ಕಚ್ಚು, ಅದರಡಿಯಲ್ಲಿ ಗಂಟಲಮಣಿ. ಅದು ಥೈರಾಯ್ಡ್ ಮೃದ್ವಸ್ಥಿಯ ಎರಡು ಹಲಗೆಗಳು ಮುಂದೆ ಕೂಡುವ ಜಾಗ. ಗಂಡಸರಲ್ಲಿ ಸುಮಾರು 90 ಡಿಗ್ರಿ ಕೋನದಲ್ಲಿ ಕೂಡುತ್ತವೆ, ಹೆಂಗಸರಲ್ಲಿ ಸುಮಾರು 120. ಅದಕ್ಕೇ ಹೆಂಗಸರ ಕತ್ತಿನಲ್ಲಿ ಅದು ಹೊರಗೆ ಅಷ್ಟಾಗಿ ಕಾಣುವುದಿಲ್ಲ. ಅದರ ಕೆಳಗೆ ಬೆರಳು ಸ್ವಲ್ಪ ಇಳಿಯುವ ಒಂದು ಮೆತ್ತನೆ ಜಾಗ, ಆಮೇಲೆ ಗಟ್ಟಿಯಾದ ಕ್ರಿಕಾಯ್ಡ್. ಉಸಿರಿನ ದಾರಿಯಲ್ಲಿ ಪೂರ್ತಿ ಸುತ್ತು ಬರುವ ಉಂಗುರ ಇದೊಂದೇ, ಕೆಳಗಿನ ಶ್ವಾಸನಾಳದ ಉಂಗುರಗಳು ಹಿಂದುಗಡೆ ತೆರೆದಿರುತ್ತವೆ. ಈಗ ಬೆರಳು ಅಲ್ಲೇ ಇಟ್ಟು ಉಗುಳು ನುಂಗಿ. ಇಡೀ ಧ್ವನಿಪೆಟ್ಟಿಗೆ ಮೇಲೆ ಹೋಗಿ ಕೆಳಗೆ ಬರುತ್ತದೆ. ಥೈರಾಯ್ಡ್ ಗ್ರಂಥಿ ಇದಕ್ಕೇ ಅಂಟಿಕೊಂಡಿರುವುದರಿಂದ ಅದರ ಗಡ್ಡೆಯೂ ಜೊತೆಗೆ ಮೇಲೇರುತ್ತದೆ. ಕತ್ತಿನಲ್ಲಿ ಗಡ್ಡೆ ಅಂತ ಹೋದವರಿಗೆ ಡಾಕ್ಟರು ನೀರು ಕೊಟ್ಟು ನುಂಗಿ ಅನ್ನುವುದು ಇದನ್ನು ನೋಡುವುದಕ್ಕೇ.

ಆ ಮೆತ್ತನೆ ಜಾಗದ ಬಗ್ಗೆ ಇನ್ನೊಂದಿಷ್ಟು ಹೇಳಬೇಕು. ಮೂಗು, ಬಾಯಿ ಯಾವ ದಾರಿಯಿಂದಲೂ ಆಕ್ಸಿಜನ್ ಹೋಗುತ್ತಿಲ್ಲ ಅನ್ನುವ ಪರಿಸ್ಥಿತಿ ಬಂದರೆ ನಾವು ಬ್ಲೇಡು ಹಿಡಿದು ಅಲ್ಲೇ ತೆರೆದು 6 ನಂಬರಿನ ಟ್ಯೂಬ್ ಇಳಿಸಬೇಕು. ಚರ್ಮದ ಕೆಳಗೆ ತೀರಾ ಹತ್ತಿರದಲ್ಲಿ ಸಿಗುವ ದಾರಿ ಅದು. ಅಂಥ ಗಳಿಗೆಯಲ್ಲಿ ಕೂತು ಹುಡುಕುತ್ತಾ ಇರುವುದಕ್ಕೆ ಪುರಸೊತ್ತಿಲ್ಲ. ಹಾಗಾಗಿ ಪ್ರತಿ ರೋಗಿಯ ಕತ್ತಿನಲ್ಲೂ ಅದನ್ನು ಮೊದಲೇ ಹುಡುಕಿಡುವುದು ನನ್ನ ಪದ್ಧತಿ. ತೆಳ್ಳನೆ ಗಂಡಸರಲ್ಲಿ ಸುಲಭ. ಹೆಂಗಸರು, ದಪ್ಪ ಕತ್ತಿನವರು ಆದರೆ ಗಂಟಲಮಣಿ ಹುಡುಕುತ್ತಾ ಕೂರಬೇಡಿ ಅಂತ ಹುಡುಗರಿಗೆ ಹೇಳುತ್ತೇನೆ. ಹೆಬ್ಬೆರಳು ಮತ್ತು ನಡುಬೆರಳಿನಲ್ಲಿ ಇಡೀ ಪೆಟ್ಟಿಗೆಯನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ, ಹಾಗೇ ಹಿಡಿತ ಬಿಡದೆ ಕೆಳಗೆ ಇಳಿಯುತ್ತಾ ಬನ್ನಿ, ಉಂಗುರ ತಾನಾಗಿ ಬೆರಳಿಗೆ ಸಿಗುತ್ತದೆ, ಅದರ ಮೇಲಿನ ಹಳ್ಳವೇ ಬೇಕಾದ ಜಾಗ. ಕಷ್ಟದ ಕೇಸ್ ಅನ್ನಿಸಿದರೆ ಪೆನ್ನಿನಿಂದ ಗುರುತು ಹಾಕಿಯೇ ಮುಂದಿನ ಕೆಲಸ.

ಹೀಗೆ ಮುಟ್ಟಿ ನೋಡುವಾಗ ರೋಗಿಗಳು ಕೇಳುತ್ತಾರೆ, "ಆಪರೇಷನ್ ಇರೋದು ಹೊಟ್ಟೆಗೆ ಅಲ್ವಾ ಮೇಡಂ, ಕತ್ತು ಯಾಕೆ ನೋಡ್ತೀರಾ?" ನಾನು ಕೂತು ವಿವರಿಸುತ್ತೇನೆ. ನಿಮಗೆ ನಿದ್ದೆ ಬಂದ ಮೇಲೆ ನಿಮ್ಮ ಉಸಿರು ನನ್ನ ಜವಾಬ್ದಾರಿ, ಅದರ ದಾರಿ ಹೇಗಿದೆ ಅಂತ ಈಗಲೇ ನೋಡಿಕೊಳ್ಳಬೇಕು ಅಂತ. ಇಷ್ಟು ಹೇಳಿದರೆ ಅವರಿಗೂ ಸಮಾಧಾನ. ಬಾಯಿ ಅವರದೇ ಮೂರು ಬೆರಳು ಹಿಡಿಸುವಷ್ಟು ತೆರೆಯುತ್ತದಾ, ಕತ್ತು ಹಿಂದಕ್ಕೆ ಬಾಗುತ್ತದಾ, ನಾಲಿಗೆ ಚಾಚಿದಾಗ ಕಿರುನಾಲಿಗೆ ಕಾಣುತ್ತದಾ ಎಲ್ಲಾ ನೋಡುತ್ತೇನೆ. ನಮ್ಮ ಕಡೆ ಅಡಿಕೆ, ಗುಟ್ಕಾ ಅಗಿಯುವವರು ಜಾಸ್ತಿ. ವರ್ಷಗಟ್ಟಲೆ ಅಗಿದವರ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಇಪ್ಪತ್ತು ದಾಟದ ಹುಡುಗರಲ್ಲೂ ನೋಡಿದಾಗ ಹೊಟ್ಟೆ ಉರಿಯುತ್ತದೆ. ಅಂಥವರಿಗೆ ಎಚ್ಚರವಿರುವಾಗಲೇ ಮೂಗಿನಿಂದ ತೆಳ್ಳನೆ ಸ್ಕೋಪ್ ಹಾಕಿ ದಾರಿ ಹುಡುಕಬೇಕಾಗುತ್ತದೆ.

ಇನ್ನು ಪಕ್ಕಕ್ಕೆ ಬನ್ನಿ. ಬಲಗೈಯನ್ನು ಬಲಗೆನ್ನೆಗೆ ಒತ್ತಿ ಹಿಡಿದು, ಅದನ್ನು ತಳ್ಳುವ ಹಾಗೆ ಮುಖವನ್ನು ಬಲಕ್ಕೆ ತಿರುಗಿಸಿ. ಎಡಗಡೆ ಕಿವಿಯ ಹಿಂದಿನಿಂದ ಎದೆಯ ನಡುಮೂಳೆಯವರೆಗೆ ಒಂದು ಪಟ್ಟಿ ಎದ್ದು ನಿಲ್ಲುತ್ತದೆ. ಅದೇ ಸ್ಟರ್ನೋಕ್ಲೈಡೋಮಾಸ್ಟಾಯ್ಡ್. ಎಡಗಡೆಯದು ಬಿಗಿದರೆ ಮುಖ ಬಲಕ್ಕೆ ತಿರುಗುತ್ತದೆ. ಮೊದಲ ಸಲ ಇದು ಗೊತ್ತಾದಾಗ ನನಗೆ ಭಾರೀ ಆಶ್ಚರ್ಯ. ಕೆಳಗೆ ಅದು ಎರಡಾಗಿ ಸೀಳಿ ಒಂದು ಎಳೆ ಎದೆಮೂಳೆಗೆ, ಇನ್ನೊಂದು ಕಾಲರ್ ಬೋನಿಗೆ ಹೋಗುತ್ತದೆ, ನಡುವೆ ಒಂದು ಪುಟ್ಟ ಗುಳಿ. ಆ ಗುಳಿಯ ಹಿಂದೆಯೇ ಇಂಟರ್ನಲ್ ಜುಗುಲರ್ ಅನ್ನುವ ದೊಡ್ಡ ಅಭಿಧಮನಿ. ಅದಕ್ಕೂ ಒಳಮಗ್ಗುಲಲ್ಲಿ ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿ, ಇವೆರಡರ ಸಂದಿನಲ್ಲಿ ಹಿಂದೆ ವೇಗಸ್ ನರ, ಮೂರೂ ಒಂದೇ ಕವಚದಲ್ಲಿ.

ಐಸಿಯುನಲ್ಲಿ ಸೆಂಟ್ರಲ್ ಲೈನ್, ಅಂದರೆ ದೊಡ್ಡ ಅಭಿಧಮನಿಯೊಳಗೆ ಇಳಿಸುವ ಉದ್ದನೆ ಕೊಳವೆ, ಹಾಕುವುದು ಈ ಜುಗುಲರ್‌ಗೆ. ನಾನು ಕಲಿತಾಗ ಎಡಗೈ ಬೆರಳು ಕೆರೋಟಿಡ್ ಮಿಡಿತದ ಮೇಲೆ, ಬಲಗೈಯಲ್ಲಿ ಸೂಜಿ, ಬೆರಳಿನ ಹೊರಮಗ್ಗುಲಿಗೆ ಚುಚ್ಚಿ ಅದೇ ಕಡೆಯ ಮೊಲೆತೊಟ್ಟಿನ ದಿಕ್ಕಿಗೆ ಹೋಗುವುದು. ಈಗ ಅಲ್ಟ್ರಾಸೌಂಡ್ ಬಂದಿದೆ, ಅದು ಇರುವಾಗ ಕುರುಡಾಗಿ ಚುಚ್ಚುವುದನ್ನು ನಾನು ಒಪ್ಪುವುದಿಲ್ಲ. ಪರದೆ ಮೇಲೆ ಎರಡು ಕಪ್ಪು ವೃತ್ತ ಕಾಣುತ್ತವೆ. ಕತ್ತಿನ ಮೇಲಿಟ್ಟ ಅಲ್ಟ್ರಾಸೌಂಡ್ ಹಿಡಿಕೆಯನ್ನು, ಅಂದರೆ ಪ್ರೋಬನ್ನು, ಸುಮ್ನೆ ಸ್ವಲ್ಪ ಒತ್ತಿದರೆ ಒಂದು ಚಪ್ಪಟೆಯಾಗುತ್ತದೆ, ಅದು ಅಭಿಧಮನಿ. ಇನ್ನೊಂದು ದುಂಡಗೆ ನಿಂತು ಮಿಡಿಯುತ್ತಲೇ ಇರುತ್ತದೆ, ಅದನ್ನು ಮುಟ್ಟಬಾರದು. ತಲೆಕಡೆ ಮಂಚ ತಗ್ಗಿಸಿದರೆ ಅಭಿಧಮನಿ ತುಂಬಿಕೊಂಡು ದೊಡ್ಡದಾಗುತ್ತದೆ. ಹೊಸಬರು ಜಾಗ ಸಿಗಲಿ ಅಂತ ರೋಗಿಯ ಮುಖವನ್ನು ಪೂರ್ತಿ ಆಚೆ ತಿರುಗಿಸಿಬಿಡುತ್ತಾರೆ. ಹಾಗೆ ಮಾಡಿದರೆ ಅಭಿಧಮನಿ ಜಾರಿ ಕೆರೋಟಿಡ್ ಮೇಲೆಯೇ ಬಂದು ಕೂರುತ್ತದೆ, ಸೂಜಿ ಸ್ವಲ್ಪ ಆಳಕ್ಕೆ ಹೋದರೂ ಅಪಾಯ. ಪ್ರೋಬ್ ಇಟ್ಟುಕೊಂಡೇ ತಲೆ ಮೆಲ್ಲಗೆ ತಿರುಗಿಸಿ ತೋರಿಸಿದರೆ ಇದು ಕಣ್ಣಿಗೇ ಕಾಣುತ್ತದೆ, ಆಮೇಲೆ ಯಾರೂ ಮರೆಯುವುದಿಲ್ಲ.

ಇನ್ನೂ ಹೊರಗೆ ಹೋದರೆ ಸ್ಕೇಲೀನ್ ಸ್ನಾಯುಗಳು. ಮುಂದಿನದು, ನಡುವಿನದು, ಇವೆರಡರ ಸಂದಿನಿಂದಲೇ ಕೈಯ ನರಗಳು ಇಳಿಯುತ್ತವೆ. ಭುಜದ ಆಪರೇಷನ್‌ಗೆ ಅಲ್ಲಿ ಮದ್ದು ಕೊಟ್ಟರೆ ಭುಜವೆಲ್ಲ ಮರಗಟ್ಟುತ್ತದೆ. ಆದರೆ ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟ ನಡೆಸುವ ಸ್ನಾಯುವಾದ ವಪೆಗೆ ಹೋಗುವ ಫ್ರೆನಿಕ್ ನರ ಮುಂದಿನ ಸ್ಕೇಲೀನ್ ಮೇಲೆಯೇ ಇರುವುದರಿಂದ ಆ ಕಡೆಯ ವಪೆಯೂ ಕೆಲ ಗಂಟೆ ಸುಮ್ಮನಾಗಬಹುದು. ಶ್ವಾಸಕೋಶ ಸೋತವರಿಗೆ ಇದನ್ನು ಯೋಚಿಸಿಯೇ ಕೊಡಬೇಕು.

ಧ್ವನಿಪೆಟ್ಟಿಗೆಯ ಒಳಗನ್ನು ನೋಡುವ ಭಾಗ್ಯ ನಮಗೆ ದಿನವೂ ಇದೆ. ಗಂಟಲೊಳಗೆ ನೋಡುವ ಸಾಧನವಾದ ಲ್ಯಾರಿಂಗೋಸ್ಕೋಪಿನ ಬಾಗಿದ ಬ್ಲೇಡು 1943ರಲ್ಲಿ ಅರಿವಳಿಕೆ ವೈದ್ಯ ಮ್ಯಾಕಿಂಟಾಷ್ ರೂಪಿಸಿದ್ದು, ಇಂದಿಗೂ ಅದೇ ಆಕಾರ. ಬಾಯಿಯ ಬಲಗಡೆಯಿಂದ ಹಾಕಿ ನಾಲಿಗೆಯನ್ನು ಎಡಕ್ಕೆ ಸರಿಸುತ್ತೇನೆ. ತುದಿ ಹೋಗಿ ನಾಲಿಗೆ ಬುಡಕ್ಕೂ ಎಪಿಗ್ಲಾಟಿಸ್ ಮುಚ್ಚಳಕ್ಕೂ ನಡುವಿನ ಹಳ್ಳದಲ್ಲಿ ಕೂರಬೇಕು. ಹಿಡಿ ಹೋಗುವ ದಿಕ್ಕಿಗೆ ಎತ್ತಿದರೆ ಮುಚ್ಚಳ ತಾನಾಗಿ ಏಳುತ್ತದೆ. ಹಲ್ಲಿಗೆ ಆನಿಸಿ ಮೀಟಬಾರದು. ಆಗ ಕಾಣುತ್ತವೆ ಸ್ವರತಂತುಗಳು, ಸುತ್ತಲಿನ ಕೆಂಪಿನ ನಡುವೆ ಮುತ್ತಿನ ಬಿಳಿ. ಮುಂದೆ ಕೂಡಿ ಹಿಂದೆ ತೆರೆದಿರುತ್ತವೆ. ಇದನ್ನು ಜೀವಂತ ಮನುಷ್ಯನಲ್ಲಿ ನೋಡಿ ಚೆನ್ನಾಗಿ ಅಭ್ಯಾಸ ಮಾಡಿದವರಲ್ಲಿ ಮೊದಲಿಗರು ವೈದ್ಯರಲ್ಲ, ಮಾನ್ಯುಯೆಲ್ ಗಾರ್ಸಿಯಾ ಅನ್ನುವ ಹಾಡಿನ ಗುರು. 1854ರಲ್ಲಿ ಎರಡು ಕನ್ನಡಿ ಮತ್ತು ಬಿಸಿಲನ್ನು ಇಟ್ಟುಕೊಂಡು ತನ್ನ ಗಂಟಲನ್ನು ತಾನೇ ನೋಡಿದರು.

ಆ ತಂತುಗಳನ್ನು ಹತ್ತಿರ ತರುವುದಕ್ಕೆ ಹಲವು ಸ್ನಾಯುಗಳಿವೆ, ತೆರೆಯುವುದಕ್ಕೆ ಇರುವುದು ಹಿಂದುಗಡೆಯ ಒಂದೇ ಜೊತೆ. ಅದಕ್ಕೆ ಆಜ್ಞೆ ತರುವ ನರ ನೇರವಾಗಿ ಬರುವುದೇ ಇಲ್ಲ. ಎಡಗಡೆಯದು ಎದೆಯೊಳಗೆ ಇಳಿದು ಮಹಾಪಧಮನಿಯನ್ನು ಬಳಸಿ ವಾಪಸ್ ಮೇಲೇರುತ್ತದೆ, ಬಲಗಡೆಯದು ಕತ್ತಿನ ಬುಡದಲ್ಲೇ ಸಬ್‌ಕ್ಲೇವಿಯನ್ ಅಪಧಮನಿಯನ್ನು ಬಳಸುತ್ತದೆ. ಮೇಲೆ ಬರುವಾಗ ಎರಡೂ ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ತಾಗಿಕೊಂಡೇ ಬರುತ್ತವೆ. ಅದಕ್ಕೇ ಥೈರಾಯ್ಡ್ ಆಪರೇಷನ್ ದಿನ ಸರ್ಜನ್ ಆ ದಾರದಂಥ ನರ ಹುಡುಕುವಾಗ ಇಡೀ ಥಿಯೇಟರ್ ಮೌನ. ಒಂದು ಕಡೆಯದಕ್ಕೆ ಪೆಟ್ಟಾದರೆ ದನಿ ಗೊಗ್ಗರಾಗುತ್ತದೆ, ಎರಡೂ ಆದರೆ ತಂತುಗಳು ತೆರೆಯದೆ ಉಸಿರೇ ಕಟ್ಟುತ್ತದೆ. ಹಾಗಾಗಿ ಆಪರೇಷನ್ ಮುಗಿದು ಟ್ಯೂಬ್ ತೆಗೆದ ಮೇಲೆ ನಾನು ಪಕ್ಕದಿಂದ ಕದಲುವುದಿಲ್ಲ. ಉಸಿರು ಎಳೆದುಕೊಳ್ಳುವಾಗ ಕೀರಲು ಶಬ್ದ ಇದೆಯಾ ಅಂತ ಕಿವಿಗೊಟ್ಟು ಕೇಳುತ್ತೇನೆ. ಪೂರ್ತಿ ಎಚ್ಚರವಾದ ಮೇಲೆ "ಅಮ್ಮಾ, ಒಂದ್ಸಲ ಜೋರಾಗಿ ಈ ಅನ್ನಿ" ಅಂತೀನಿ, ಆಮೇಲೆ ಹೆಸರು ಕೇಳುತ್ತೇನೆ, ಕೆಮ್ಮಿಸುತ್ತೇನೆ. ಇದೆಲ್ಲ ಸರಿಯಿದ್ದರೆ ಮಾತ್ರ ವಾರ್ಡಿಗೆ ಕಳಿಸುವುದು.