ಎಡಬಿಡಂಗಿ ಪದಗಳ ಜೊತೆ ಆಟ ಆಡೋದು ಹೇಗೆ?

ಮೊದಲು ಪದವನ್ನು ಜೋರಾಗಿ ಹೇಳಿ ನೋಡಿ. ಕಕ್ಕಾಬಿಕ್ಕಿ, ಎಡಬಿಡಂಗಿ, ಚೆಲ್ಲಾಪಿಲ್ಲಿ. ಸುಮ್ನೆ ನಗು ಬರುತ್ತದೆ, ಅಲ್ವಾ? ಇವುಗಳ ಮಜಾ ಇರುವುದೇ ಸದ್ದಿನಲ್ಲಿ, ಹಾಗಾಗಿ ಮನಸ್ಸಿನಲ್ಲೇ ಓದಿಕೊಂಡರೆ ಅರ್ಧ ಖುಷಿ ಹೋದಂತೆ.

ಹೊಸದು ಬೇಕಾದರೆ ನೀವೇ ಹುಟ್ಟಿಸಿ. ಪದದ ಮೊದಲ ಅಕ್ಷರ ತೆಗೆಯಿರಿ, ಅದು ಹ್ರಸ್ವವಾಗಿದ್ದರೆ ‘ಗಿ’, ದೀರ್ಘವಾಗಿದ್ದರೆ ‘ಗೀ’ ಹಾಕಿ: ಪುಸ್ತಕ ಗಿಸ್ತಕ, ಹಾವು ಗೀವು. ಹಾವು ಗೀವು ಅಂದರೆ ಹಾವು, ಚೇಳು, ಅಂಥದ್ದೆಲ್ಲ ಬಂತು! (ಗೀವಿಗೆ ಒಂಟಿಯಾಗಿ ಅರ್ಥವೇ ಇಲ್ಲ, ಪಾಪ.)

ಇನ್ನು ಸದ್ದನ್ನೇ ಅನುಕರಿಸುವ ಪದಗಳು. ವ್ಯಾಕರಣದವರು ಇವನ್ನು ಅನುಕರಣಾವ್ಯಯ ಅನ್ನುತ್ತಾರೆ. ‘ಬಾಗಿಲು ಬಡಿದ’ ಅನ್ನುವುದು ಸಪ್ಪೆ. ‘ದಬದಬ ಬಡಿದ’ ಅಂದರೆ ಕಿವಿಗೇ ಕೇಳುತ್ತದೆ. ವಾಕ್ಯಕ್ಕೆ ಒಂದು ಸಾಕು, ಜಾಸ್ತಿಯಾದರೆ ಬರೀ ಗದ್ದಲ.