ಕೆನಡಾದಲ್ಲಿ ರೆಕಾರ್ಡ್ ಸಸ್ಪೆನ್ಷನ್: ಕಾಯೋ ವರ್ಷ ಯಾವತ್ತಿಂದ ಎಣಿಸ್ಬೇಕು?

ನಮ್ಮೋರು ಯುಗಾದಿ ಪಾಟ್‌ಲಕ್‌ಗೆ ಸೇರಿದ್ರೆ ಪಿಆರ್ (ಕೆನಡಾದಲ್ಲಿ ಖಾಯಂ ಇರೋ ಹಕ್ಕು) ಬಗ್ಗೆ, ಮಾರ್ಟ್ಗೇಜ್ ರೇಟ್ ಬಗ್ಗೆ ಗಂಟೆಗಟ್ಲೆ ಹರಟ್ತಾರೆ, ಆದ್ರೆ ತಮ್ಮ ಮೇಲೊಂದು ಕೇಸ್ ಆಗಿದೆ ಅನ್ನೋದನ್ನ ಮಾತ್ರ ಯಾರೂ ಬಾಯ್ಬಿಡಲ್ಲ. ರಾತ್ರಿ 11 ಗಂಟೆಗೆ ವಾಟ್ಸಾಪ್ ಕಾಲ್ ಬರುತ್ತೆ, "ಅಣ್ಣ, ಒಂದ್ ವಿಷ್ಯ, ಯಾರಿಗೂ ಹೇಳ್ಬೇಡಿ" ಅಂತ. ನಾನು ಲಾಯರ್ ಅಲ್ಲ. ಮೂರ್ನಾಲ್ಕು ಹುಡುಗರ ಜೊತೆ ಕೂತು ಫಾರ್ಮ್ ತುಂಬ್ಸಿದೀನಿ, ಅಷ್ಟೇ ನನ್ನ ಅನುಭವ.

ಶಿಕ್ಷೆ ಮುಗಿಸಿದೋರು ತಮ್ಮ ಕ್ರಿಮಿನಲ್ ರೆಕಾರ್ಡ್ ಮರೆಗೆ ಹಾಕ್ಸೋಕೆ ಹಾಕೋ ಅರ್ಜಿ ಒಂದಿದೆ. ಜನ ಅದನ್ನ ಇನ್ನೂ ಪಾರ್ಡನ್ (ಕ್ಷಮೆ) ಅಂತಾನೇ ಕರೀತಾರೆ, 2012ರಿಂದ ಸರ್ಕಾರಿ ಹೆಸರು ರೆಕಾರ್ಡ್ ಸಸ್ಪೆನ್ಷನ್. ಕೊಡೋದು ಪರೋಲ್ ಬೋರ್ಡ್ ಆಫ್ ಕೆನಡಾ, ಬೇರೆ ಯಾರ ಕೈಲೂ ಆಗಲ್ಲ. ರೆಕಾರ್ಡ್ ಅಳಿಸಿಹೋಗುತ್ತೆ ಅಂದ್ಕೋಬೇಡಿ, ಅದನ್ನ ಬೇರೆ ಕಡೆ ಎತ್ತಿಡ್ತಾರೆ, ಮಾಮೂಲಿ ಕೆಲಸಕ್ಕೆ ಪೊಲೀಸ್ ಚೆಕ್ ಮಾಡ್ಸಿದಾಗ ಕಾಣ್ಸಲ್ಲ.

ಕಾಯೋದು ಎಷ್ಟು ಅಂದ್ರೆ, ಈಗಿನ ರೂಲ್ ಪ್ರಕಾರ ಸಮರಿ ಕನ್ವಿಕ್ಷನ್‌ಗೆ, ಅಂದ್ರೆ ಸಣ್ಣ ಅಪರಾಧದ ಶಿಕ್ಷೆಗೆ 5 ವರ್ಷ, ಇಂಡೈಟಬಲ್‌ಗೆ, ಅಂದ್ರೆ ದೊಡ್ಡ ಅಪರಾಧಕ್ಕೆ 10 ವರ್ಷ. ಎಷ್ಟೋ ಅಪರಾಧಗಳು ಎರಡೂ ರೀತಿ ನಡೆಯುತ್ತವೆ, ಹೈಬ್ರಿಡ್ ಅಂತಾರೆ, ಅವತ್ತು ಸರ್ಕಾರಿ ವಕೀಲರು ಯಾವ ದಾರಿ ಹಿಡಿದ್ರು ಅನ್ನೋದ್ರ ಮೇಲೆ ನಿಮ್ಮ 5 ಅಥವಾ 10 ನಿಂತಿರುತ್ತೆ, ಹಾಗಾಗಿ ಊಹೆ ಮಾಡ್ಬೇಡಿ, ಕೋರ್ಟ್ ಪೇಪರ್ ತೆಗೆಸಿ ನೋಡಿ. 2012ಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೇ ರೂಲ್, ಅಲ್ಲಿ ಕಾಯೋದು ಕಮ್ಮಿ, ಆದ್ರೆ ಹೊಸಬರಿಗೆ ಅದು ಬರೋದು ಅಪರೂಪ.

ಎಲ್ಲರೂ ಎಡವೋದು ಎಣಿಕೆ ಶುರುವಾಗೋ ದಿನದಲ್ಲಿ. ಜಡ್ಜ್ ತೀರ್ಪು ಕೊಟ್ಟ ದಿನದಿಂದ ಅಲ್ಲ. ಶಿಕ್ಷೆ ಪೂರ್ತಿ ಮುಗಿದ ದಿನದಿಂದ, ಅಂದ್ರೆ ಜೈಲು, ಪ್ರೊಬೇಷನ್ (ಹೊರಗಿದ್ದು ಕೋರ್ಟ್ ಷರತ್ತು ಪಾಲಿಸೋ ಅವಧಿ), ಫೈನ್, ಸರ್‌ಚಾರ್ಜ್, ಪರಿಹಾರದ ದುಡ್ಡು, ಇದ್ರಲ್ಲಿ ಯಾವ್ದು ಕೊನೇಲಿ ಮುಗೀತೋ ಅವತ್ತಿಂದ.

ಹಾಸನ ಕಡೆ ಹುಡುಗ ಒಬ್ಬ 2016ರ ದೀಪಾವಳಿ ಪಾರ್ಟಿಯಿಂದ ಕುಡಿದು ಗಾಡಿ ಓಡ್ಸ್ಕೊಂಡು ಬರ್ತಾ ಚೆಕ್‌ಪಾಯಿಂಟ್‌ನಲ್ಲಿ ಸಿಕ್ಕಿಬಿದ್ದ, ಮೊದಲ ಸಲ ಅಂತ 1000 ಡಾಲರ್ ಫೈನ್, ಅದನ್ನ 2017ರಲ್ಲಿ ಕಟ್ಟಿ ಮುಗೀತು ಅಂದ್ಕೊಂಡ. ಫೈನ್ ಮೇಲೆ 30% ವಿಕ್ಟಿಮ್ ಸರ್‌ಚಾರ್ಜ್ (ಅಪರಾಧಕ್ಕೆ ಬಲಿಯಾದೋರ ನೆರವಿಗೆ ಹಾಕೋ ಹೆಚ್ಚುವರಿ ದುಡ್ಡು) ಇತ್ತು, 300 ಡಾಲರ್, ಅದು ಕೆಳಗಿನ ಸಾಲಲ್ಲಿ ಸಣ್ಣ ಅಕ್ಷರದಲ್ಲಿ, ಇವನು ನೋಡೇ ಇಲ್ಲ. 2022ರಲ್ಲಿ ಐದು ವರ್ಷ ಆಯ್ತಲ್ಲ ಅಂತ ನಮ್ಮನೆ ಡೈನಿಂಗ್ ಟೇಬಲ್ ಮೇಲೆ ಫಾರ್ಮ್ ಹರಡ್ಕೊಂಡು ಕೂತ್ವಿ, ಕೋರ್ಟ್‌ನಿಂದ ತುಂಬಿಸ್ಕೊಂಡು ಬಂದ ಹಾಳೇಲಿ ಬಾಕಿ 300 ಅಂತ ಇದೆ. ಅವತ್ತೇ ಕಟ್ಟಿದ. ಆದ್ರೇನು, ಎಣಿಕೆ ಅವತ್ತಿಂದ ಶುರು, ಈಗ 2027ರ ತನಕ ಕಾಯ್ಬೇಕು. ಅವನ ಹೆಂಡ್ತಿ ಕಾಫಿ ಲೋಟ ಕೈಲಿ ಹಿಡ್ಕೊಂಡು ಹಾಗೇ ನಿಂತ್ಬಿಟ್ಲು.

ಅದಕ್ಕೇ ಹೇಳೋದು, ಕೋರ್ಟ್ ಕೌಂಟರ್‌ಗೆ ಹೋಗಿ "ನನ್ನ ಹೆಸರಲ್ಲಿ ಏನಾದ್ರೂ ಬಾಕಿ ಇದ್ಯಾ" ಅಂತ ಈಗ್ಲೇ ಕೇಳಿ, ರಸೀದಿ ಜೋಪಾನ ಮಾಡಿ.

ಎಲ್ಲರಿಗೂ ಇದು ಬೇಕಾಗೋದೂ ಇಲ್ಲ. ಸ್ಪೀಡಿಂಗ್ ಟಿಕೆಟ್ ಕ್ರಿಮಿನಲ್ ರೆಕಾರ್ಡೇ ಅಲ್ಲ. ಗಂಡ ಹೆಂಡ್ತಿ ಜಗಳಕ್ಕೆ ಪಕ್ಕದ ಮನೆಯೋರು 911 ಒತ್ತಿ ಪೊಲೀಸ್ ಬಂದು ಚಾರ್ಜ್ ಹಾಕ್ದ ಕೇಸುಗಳು ನಮ್ಮಲ್ಲಿ ನಾವು ಒಪ್ಕೊಳ್ಳೋದಕ್ಕಿಂತ ಜಾಸ್ತಿ ಇವೆ, ಒಂದ್ಸಲ ಚಾರ್ಜ್ ಹಾಕಿದ್ಮೇಲೆ ಹೆಂಡ್ತಿ ಬೇಡ ಅಂದ್ರೂ ನಿಲ್ಲಲ್ಲ. ಅಂಥವು ಪೀಸ್ ಬಾಂಡ್‌ನಲ್ಲಿ, ಅಂದ್ರೆ ಗಲಾಟೆ ಮಾಡ್ದೆ ಇರ್ತೀನಿ ಅಂತ ಕೋರ್ಟ್‌ಗೆ ಬರೆದುಕೊಟ್ಟು ಮುಗಿದ್ರೆ ಅದು ಕನ್ವಿಕ್ಷನ್ ಅಲ್ಲ. ತಪ್ಪು ಸಾಬೀತಾದ್ರೂ ಕನ್ವಿಕ್ಷನ್ ಬರೀದೆ ಹಾಗೇ ಬಿಟ್ಟ ಆಬ್ಸಲ್ಯೂಟ್ ಡಿಸ್ಚಾರ್ಜ್ ಆದ್ರೆ 1 ವರ್ಷಕ್ಕೆ, ಷರತ್ತು ಹಾಕಿ ಬಿಟ್ಟ ಕಂಡಿಷನಲ್ ಡಿಸ್ಚಾರ್ಜ್ ಆದ್ರೆ 3 ವರ್ಷಕ್ಕೆ ಆರ್‌ಸಿಎಂಪಿಯವರ (ಕೆನಡಾದ ರಾಷ್ಟ್ರೀಯ ಪೊಲೀಸ್) ಸಿಸ್ಟಮ್‌ನಿಂದ ತೆಗೀತಾರೆ, ಅರ್ಜಿ ಬೇಕಿಲ್ಲ. ಬರೀ ಗಾಂಜಾ ಇಟ್ಕೊಂಡಿದ್ದ ಕೇಸ್ ಆದ್ರೆ 2019ರಿಂದ ಫೀಸೂ ಇಲ್ಲ, ಕಾಯೋದೂ ಇಲ್ಲ. ಇನ್ನೊಂದು ಕಡೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ಆಗಿದ್ರೆ ಕೆಲವೇ ವಿನಾಯ್ತಿ ಬಿಟ್ಟು ಸಿಗಲ್ಲ, ತಲಾ 2 ವರ್ಷ ಅಥವಾ ಅದಕ್ಕೂ ಜಾಸ್ತಿ ಶಿಕ್ಷೆಯಾದ ಇಂಡೈಟಬಲ್ ಕೇಸು ಮೂರಕ್ಕಿಂತ ಹೆಚ್ಚಿದ್ರೂ ಸಿಗಲ್ಲ.

ಪಿಆರ್ ಮೇಲಿರೋರು ಇದನ್ನ ಎರಡು ಸಲ ಓದಿ. 2018ರ ಡಿಸೆಂಬರ್ 18ರಿಂದ ಕುಡಿದು ಗಾಡಿ ಓಡ್ಸೋದಕ್ಕೆ ಗರಿಷ್ಠ ಶಿಕ್ಷೆ 10 ವರ್ಷ ಆಯ್ತು, ಅದ್ರಿಂದ ಇಮಿಗ್ರೇಷನ್ ಲೆಕ್ಕದಲ್ಲಿ ಅದು ಸೀರಿಯಸ್ ಕ್ರಿಮಿನಾಲಿಟಿ, ಅಂದ್ರೆ ಗಂಭೀರ ಅಪರಾಧ, ಕೋರ್ಟ್‌ನಲ್ಲಿ ಸಮರಿ ಅಂತ ಬರೀ ಫೈನ್ ಹಾಕಿದ್ರೂ ಅಷ್ಟೇ. ಐದು ವರ್ಷ ಬಿಟ್ಟು ಪಾರ್ಡನ್ ತಗೊಂಡ್ರಾಯ್ತು ಅಂತ ಗಿಲ್ಟಿ ಒಪ್ಕೊಂಡ್ರೆ ಅಷ್ಟ್ರಲ್ಲಿ ಪಿಆರ್‌ಗೇ ಕುತ್ತು ಬರಬಹುದು, ಒಪ್ಕೊಳ್ಳೋಕೆ ಮುಂಚೆ ಇಮಿಗ್ರೇಷನ್ ಲಾಯರ್‌ಗೆ ದುಡ್ಡು ಕೊಟ್ಟು ಕೇಳಿ, ಅಲ್ಲಿ ಜಿಪುಣತನ ಬೇಡ.

ಅರ್ಜಿಗೆ ಮಾತ್ರ ಲಾಯರ್ ಬೇಡ, ಕನ್ಸಲ್ಟೆಂಟೂ ಬೇಡ. ಮುಂಚೆ ಫೀಸ್ 657.77 ಡಾಲರ್ ಇತ್ತು, 2022ರ ಜನವರಿ 1ರಿಂದ 50ಕ್ಕೆ ಇಳಿಸಿದ್ರು, ಇಷ್ಟಕ್ಕೆ ನೂರಾರು ಡಾಲರ್ ಕೇಳೋರ ಕೈಗೆ ಸಿಕ್ಕಬೇಡಿ. ಮೊದ್ಲು ಫಿಂಗರ್‌ಪ್ರಿಂಟ್ ಕೊಟ್ಟು ಆರ್‌ಸಿಎಂಪಿ ರೆಕಾರ್ಡ್, ಆಮೇಲೆ ಕೋರ್ಟ್ ಹಾಳೆ, ಕೊನೇಗೆ ಲೋಕಲ್ ಪೊಲೀಸ್ ಚೆಕ್, ಅದು ಬೇಗ ಹಳೇದಾಗುತ್ತೆ. ಕಳೆದ 5 ವರ್ಷದಲ್ಲಿ 3 ತಿಂಗಳೋ ಜಾಸ್ತಿಯೋ ಇದ್ದ ಪ್ರತಿ ಊರಿಂದಲೂ ಅದು ಬೇಕು. ನಮ್ಮ ಹುಡುಗ್ರು ಬಾಡಿಗೆ ಕಮ್ಮಿ ಅಂತ ಬ್ರಾಂಪ್ಟನ್, ಕಿಚನರ್, ವಿಂಡ್ಸರ್ ಅಂತ ಸುತ್ತಿರ್ತಾರಲ್ಲ, ಇಲ್ಲೇ ಟೈಮ್ ಹೋಗೋದು. ಅರ್ಜಿ ತಗೊಂಡ್ಮೇಲೆ ಸಮರಿಗೆ 6 ತಿಂಗಳು, ಇಂಡೈಟಬಲ್‌ಗೆ 12 ತಿಂಗಳು ಅವರು ತಗೋಬಹುದು. ಅವರು ಕೊಡಲ್ಲ ಅಂದ್ರೆ ಒಂದು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕಬಹುದು.

ಊರಲ್ಲಿ, ಅಂದ್ರೆ ಇಂಡಿಯಾದಲ್ಲಿ ಆದ ಶಿಕ್ಷೆಗೆ ಇದು ಅಲ್ಲ, ಅದಕ್ಕೆ ಇಮಿಗ್ರೇಷನ್‌ನಲ್ಲಿ ರಿಹ್ಯಾಬಿಲಿಟೇಷನ್ ಅಂತ ಬೇರೆ ಅರ್ಜಿ. ಮತ್ತೆ ಅಮೆರಿಕದೋರು ಕೆನಡಾದ ಪಾರ್ಡನ್ ಒಪ್ಪಲ್ಲ. ಅವರ ಕಂಪ್ಯೂಟರ್‌ಗೆ ಹಳೇ ಕೇಸ್ ಒಂದ್ಸಲ ಹೋಗಿದ್ರೆ ಅಲ್ಲೇ ಇರುತ್ತೆ, ಹಾಗಾಗಿ ಅಕ್ಕನ ಮಗಳ ಮದುವೆಗೆ ನ್ಯೂಜೆರ್ಸಿಗೆ ಹೊರಟಾಗ ಬಾರ್ಡರ್‌ನಲ್ಲಿ ಕೇಳಿದ್ರೆ ಏನೂ ಇಲ್ಲ ಅನ್ಬೇಡಿ, ಕಾಗದ ಜೊತೇಲಿರ್ಲಿ.